ಜಗತ್ತಿಗೆ ಆದಿ ಉಂಟೇ?



ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವಾಗ, ಬಿಡದಿ ದಾಟಿದ ಮೇಲೆ ಕಿಟಕಿಯ ಬಳಿ ಕುಳಿತವರು ತಮಗರಿವಿಲ್ಲದೆ ಮಾತು ನಿಲ್ಲಿಸುವುದನ್ನು ನೀವು ಗಮನಿಸಿರಬಹುದು. ತೆಂಗು, ಮಾವು, ಹಿಪ್ಪುನೇರಳೆಯ ತೋಟಗಳ ಹಿಂದಿನಿಂದ ಬೋಳು ಬಂಡೆಗಳು ಎದ್ದು ನಿಲ್ಲುತ್ತವೆ. 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರದ ಮೂಲಕ ರಾಮನಗರದ ಈ ಬಂಡೆಗಳನ್ನು ಇಡೀ ದೇಶವೇ ನೋಡಿತು. ನಮಗಾದರೋ ಅವು ಬಾಲ್ಯದಿಂದಲೂ ನೆರೆಯವರು. ಅವುಗಳ ನೆರಳಿನಲ್ಲೇ ನಮ್ಮ ಶಾಲೆ, ಸಂತೆ, ದೇವಾಲಯ, ಸಮಾಧಿಗಳೆಲ್ಲ ಇವೆ. ಈ ಊರಿಗೆ ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಎಂಬ ಹೆಸರಿತ್ತು. ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್ ಅವರಿಂದಾಗಿ ಅದು ಕ್ಲೋಸ್‌ಪೇಟೆಯಾಯಿತು, ಆಮೇಲೆ ರಾಮನಗರವಾಯಿತು. 2007ರಲ್ಲಿ ಅದೇ ಹೆಸರಿನ ಜಿಲ್ಲೆ ಹುಟ್ಟಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೊಸ ಹೆಸರು ಬಂತು. ಹೆಸರುಗಳು ಬರುತ್ತವೆ, ಹೋಗುತ್ತವೆ. ಬಂಡೆಗಳು ಮಾತ್ರ ಅಲ್ಲೇ ಇವೆ.

ಅವು ಯಾವಾಗಲೂ ಹೀಗೇ ಇದ್ದವೇ? ಹಲವು ವರ್ಷಗಳ ಹಿಂದೆ ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಮಕ್ಕಳೊಬ್ಬರು ನನ್ನನ್ನು ಹೀಗೆ ಕೇಳಿದ್ದರು. ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು. ಅಂದು ನಾನು ಕೊಟ್ಟ ಉತ್ತರದ ವಿಷಯದಲ್ಲಿ ನನಗೆ ಈಗಲೂ ನಾಚಿಕೆಯಿದೆ. ಈ ಲೇಖನಕ್ಕೆ ಅದೇ ಕಾರಣ.

ನಾನು ಹೇಳಿದ್ದು ಇಷ್ಟು: "ನೋಡಿ ಮಕ್ಕಳೇ, ಜಗತ್ತು ಒಂದು ಮಹಾಸ್ಫೋಟದಿಂದ ಆರಂಭವಾಯಿತೆಂದು ಈಗ ವಿಜ್ಞಾನವೇ ಒಪ್ಪಿಕೊಂಡಿದೆ. ಆರಂಭವಿದ್ದ ಮೇಲೆ ಆರಂಭಿಸಿದವನೊಬ್ಬ ಇರಲೇಬೇಕಲ್ಲವೇ? ಆದ್ದರಿಂದ ದೇವರಿದ್ದಾನೆ." ಮಕ್ಕಳು ತಲೆಯಾಡಿಸಿದರು. ನನಗೂ ಸಮಾಧಾನವಾಯಿತು. ವರ್ಷಗಳ ಕಾಲ ಅದೇ ಪಾಠವನ್ನು ಅದೇ ಮಾತುಗಳಲ್ಲಿ ಹೇಳುತ್ತ ಬಂದೆ.

ಆ ಮಕ್ಕಳಲ್ಲಿ ಒಬ್ಬ ಮುಂದೆ ಬೆಂಗಳೂರಿಗೆ ಹೋಗಿ ಭೌತವಿಜ್ಞಾನ ಓದಿದ. ಒಂದು ಕ್ರಿಸ್ತಜಯಂತಿಯ ರಜೆಯಲ್ಲಿ ಅವನ ತಾಯಿ ನನ್ನಲ್ಲಿಗೆ ಬಂದು, "ಮೇಷ್ಟ್ರೇ, ಅವನು ಬಲಿಪೂಜೆಗೆ ಬರೋದನ್ನೇ ಬಿಟ್ಟಿದ್ದಾನೆ. ನೀವಾದರೂ ಒಂದು ಮಾತು ಹೇಳಿ" ಎಂದು ಕಣ್ಣೀರಿಟ್ಟರು. ನಾನು ಹೋಗಿ ಮಾತನಾಡಿಸಿದೆ. ಹುಡುಗ ಮರ್ಯಾದೆಯಿಂದಲೇ ಉತ್ತರಿಸಿದ: "ನನಗೆ ದೇವರ ಮೇಲೆ ಕೋಪವೇನಿಲ್ಲ ಸಾರ್. ನೀವು ಕೊಟ್ಟಿದ್ದ ಕಾರಣ ಬಿದ್ದುಹೋಯಿತು, ಅಷ್ಟೆ. ಮಹಾಸ್ಫೋಟಕ್ಕೂ ಮುಂಚೆ ಏನೋ ಇದ್ದಿರಬಹುದು ಅಂತ ನಮ್ಮಲ್ಲಿ ಎಷ್ಟೋ ಜನ ಲೆಕ್ಕ ಹಾಕುತ್ತಿದ್ದಾರೆ. ಜಗತ್ತು ಯಾವಾಗಲೂ ಇದ್ದರೂ ಇದ್ದಿರಬಹುದು. ಹಾಗಾದರೆ ನಿಮ್ಮ ದೇವರಿಗೆ ಏನು ಕೆಲಸ?"

ನನ್ನ ಬಳಿ ಉತ್ತರವಿರಲಿಲ್ಲ. ಅವನ ವಿಶ್ವಾಸವನ್ನು ನಾನೇ ಒಂದು ಗೂಟಕ್ಕೆ ಕಟ್ಟಿದ್ದೆ. ಗೂಟ ಅಲುಗಾಡಿದಾಗ ಹಗ್ಗವೂ ಕಳಚಿಕೊಂಡಿತು. ಮನೆಗೆ ಬಂದು ಓದತೊಡಗಿದೆ. ಅಂದಿನಿಂದ ತಿಳಿದುಕೊಂಡದ್ದರಲ್ಲಿ ಕೆಲವನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಬಂಡೆಯ ಪ್ರಶ್ನೆ, ಏಕೆಂದರೆ ಅದಕ್ಕೆ ಉತ್ತರವಿದೆ. ರಾಮನಗರದ ಹಳೆಯ ಹೆಸರನ್ನೇ ಹಿಡಿದು ಭೂವಿಜ್ಞಾನಿಗಳು ಈ ಕಲ್ಲನ್ನು 'ಕ್ಲೋಸ್‌ಪೇಟೆ ಗ್ರಾನೈಟ್' ಎಂದು ಕರೆಯುತ್ತಾರೆ. ಕನಕಪುರ ಸೀಮೆಯ ಕಬ್ಬಾಳದುರ್ಗದ ಆಸುಪಾಸಿನಿಂದ ಉತ್ತರಕ್ಕೆ ಬಳ್ಳಾರಿ ಸೀಮೆಯವರೆಗೆ ಇದು ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಕಿರಿದಾದ ಪಟ್ಟಿಯಂತೆ ಹಬ್ಬಿದೆ. ಮಾಗಡಿಯ ಬಳಿ 1226 ಮೀಟರ್ ಎತ್ತರಕ್ಕೆ ನಿಂತಿರುವ ಸಾವನದುರ್ಗವೂ ಇದೇ ಕುಲದ್ದು. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಇದನ್ನು ಊಹಿಸಿ ಹೇಳಿದ್ದಲ್ಲ. ಕರಗಿದ ಶಿಲೆ ನೆಲದಾಳದಲ್ಲಿ ತಣಿಯುವಾಗ ಅದರೊಳಗೆ ಜಿರ್ಕಾನ್ ಎಂಬ ಪುಟ್ಟ ಹರಳುಗಳು ಮೂಡುತ್ತವೆ. ಈ ಹರಳು ಮೂಡುವಾಗ ಯುರೇನಿಯಮ್ಮನ್ನು ಒಳಕ್ಕೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೊರಗಿಡುತ್ತದೆ. ಒಳಸೇರಿದ ಯುರೇನಿಯಂ ನಿಧಾನವಾಗಿ, ತಪ್ಪದ ಲೆಕ್ಕದಲ್ಲಿ, ಸೀಸವಾಗಿ ಮಾರ್ಪಡುತ್ತದೆ. ಅದರ ಮುಖ್ಯ ಬಗೆಯೊಂದು ಅರ್ಧದಷ್ಟು ಮಾರ್ಪಡಲು ಸುಮಾರು 447 ಕೋಟಿ ವರ್ಷ ಬೇಕು. ಆದ್ದರಿಂದ ಹರಳಿನಲ್ಲಿರುವ ಸೀಸವನ್ನು ಅಳೆದರೆ ಕಲ್ಲು ಹುಟ್ಟಿದ ಕಾಲ ತಿಳಿಯುತ್ತದೆ.

ಹಾಗಾದರೆ ಬೆಟ್ಟಕ್ಕೆ ಆದಿಯಿದೆ. ಆದರೆ ಅದು ಬರಿದಾದ ಜಾಗದಲ್ಲಿ ಹುಟ್ಟಲಿಲ್ಲ. ತನಗಿಂತ ಹಳೆಯದಾದ ಬೇರೊಂದು ಶಿಲೆಯ ನಡುವೆ ನುಗ್ಗಿ ಗಟ್ಟಿಯಾಯಿತು. ಬೆಂಗಳೂರಿನ ಲಾಲ್‌ಬಾಗಿನ ಗುಡ್ಡದಲ್ಲಿ ಕಾಣುವ ಆ ಹಳೆಯ ಶಿಲೆಗೆ ಸುಮಾರು 300 ಕೋಟಿ ವರ್ಷ. ಅದಕ್ಕೂ ಹಿಂದೆ ಭೂಮಿ, 454 ಕೋಟಿ ವರ್ಷ. ಪ್ರತಿಯೊಂದು ಆದಿಯ ಹಿಂದೆಯೂ ಮತ್ತೊಂದಿದೆ. ಹೀಗೆ ಹಿಂದಕ್ಕೆ ನಡೆಯುತ್ತ ಹೋದರೆ ಎಲ್ಲಿಗಾದರೂ ಮುಟ್ಟುತ್ತೇವೆಯೇ, ಅಥವಾ ನಡಿಗೆಗೆ ಕೊನೆಯೇ ಇಲ್ಲವೇ?

ಈ ಪ್ರಶ್ನೆಯನ್ನು ನಮ್ಮ ನಾಡಿನವರು ಬಹಳ ಹಿಂದೆಯೇ ಎತ್ತಿದ್ದರು. ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟದ ರಾಷ್ಟ್ರಕೂಟ ದೊರೆ ಅಮೋಘವರ್ಷನಿಗೆ ಗುರುವಾಗಿದ್ದ ಜೈನಾಚಾರ್ಯ ಜಿನಸೇನರು ತಮ್ಮ ಸಂಸ್ಕೃತ ಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನೇ ನೇರವಾಗಿ ಪ್ರಶ್ನಿಸಿದರು. ಪಂಪನು 941ರಲ್ಲಿ ಬರೆದ ಕನ್ನಡ ಆದಿಪುರಾಣಕ್ಕೆ ಆಕರವಾದ ಗ್ರಂಥವದು. ಜಗತ್ತನ್ನು ಮಾಡುವ ಮೊದಲು ದೇವರು ಎಲ್ಲಿದ್ದ? ಯಾವ ಸಾಮಗ್ರಿಯಿಂದ ಮಾಡಿದ? ಅವನು ಪರಿಪೂರ್ಣನಾಗಿದ್ದರೆ ಮಾಡಬೇಕೆಂಬ ಬಯಕೆ ಏಕೆ ಹುಟ್ಟಿತು? ಅವರ ವಾದದ ಸಾರ ಇದು. ಅವರ ಮಟ್ಟಿಗೆ ಜಗತ್ತಿಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಇವು ಹಗುರವಾದ ಪ್ರಶ್ನೆಗಳಲ್ಲ. ನಮ್ಮ ಧರ್ಮೋಪದೇಶದ ಪುಸ್ತಕಗಳು ಇವನ್ನು ಕೇಳಿಸಿಕೊಂಡೇ ಇಲ್ಲವೆಂಬಂತೆ ಮುಂದೆ ಸಾಗುವುದು ಸರಿಯಲ್ಲವೆಂದು ನನ್ನ ಭಾವನೆ. ಇನ್ನು ಪುರಾಣಗಳ ಲೆಕ್ಕದಲ್ಲಿ ಬ್ರಹ್ಮನ ಒಂದು ಹಗಲಿಗೆ 432 ಕೋಟಿ ವರ್ಷ. ಸೃಷ್ಟಿ, ಲಯ, ಮತ್ತೆ ಸೃಷ್ಟಿ. ನಮ್ಮ ನೆರೆಹೊರೆಯವರಲ್ಲಿ ಹೆಚ್ಚಿನವರು ಬೆಳೆದದ್ದು ಈ ಚಿತ್ರದೊಂದಿಗೆ.

ಈಗ ವಿಜ್ಞಾನದ ಕಡೆಗೆ ಬರೋಣ. ಮಹಾಸ್ಫೋಟವೆಂದು ನಾವು ಕರೆಯುವ ವಿಚಾರವನ್ನು ಮೊದಲು ಮಂಡಿಸಿದವರಲ್ಲಿ ಮುಖ್ಯರಾದವರು ಒಬ್ಬ ಕಥೋಲಿಕ ಗುರುಗಳು ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಬೆಲ್ಜಿಯಮ್ಮಿನ ಜಾರ್ಜ್ ಲೆಮೈತ್ರ್ 1923ರಲ್ಲಿ ಗುರುದೀಕ್ಷೆ ಪಡೆದವರು. ವಿಶ್ವವು ಹಿಗ್ಗುತ್ತಿದೆ ಎಂಬುದನ್ನು 1927ರಲ್ಲೇ ಅವರು ಗಣಿತದಿಂದ ತೋರಿಸಿದರು. ಹಿಗ್ಗುತ್ತಿರುವುದನ್ನು ಹಿಂದಕ್ಕೆ ಲೆಕ್ಕ ಹಾಕಿದರೆ ಎಲ್ಲವೂ ಒಂದೆಡೆ ಒತ್ತಾಗಿದ್ದ ಕಾಲವೊಂದು ಸಿಗಬೇಕಷ್ಟೆ; 1931ರಲ್ಲಿ ಅದನ್ನೂ ಪ್ರಕಟಿಸಿದರು. ಇದನ್ನು ಒಪ್ಪದವರೂ ಇದ್ದರು. ಇಂಗ್ಲೆಂಡಿನ ಫ್ರೆಡ್ ಹಾಯ್ಲ್ ಮತ್ತು ಅವರ ಸಂಗಡಿಗರು 1948ರಲ್ಲಿ, ವಿಶ್ವ ಯಾವಾಗಲೂ ಇದ್ದು ಯಾವಾಗಲೂ ಒಂದೇ ಬಗೆಯಾಗಿ ಕಾಣುತ್ತದೆ ಎಂಬ ಸ್ಥಿರಸ್ಥಿತಿ ಸಿದ್ಧಾಂತವನ್ನು ಮುಂದಿಟ್ಟರು. ಮಹಾಸ್ಫೋಟಕ್ಕೆ ಆ ಇಂಗ್ಲಿಷ್ ಹೆಸರನ್ನಿಟ್ಟವರೂ ಹಾಯ್ಲ್ ಅವರೇ, 1949ರ ಒಂದು ರೇಡಿಯೋ ಭಾಷಣದಲ್ಲಿ. ನಮ್ಮ ದೇಶದ ಜಯಂತ ನಾರಳೀಕರ್ ಅವರ ಶಿಷ್ಯರು. 2025ರಲ್ಲಿ ತೀರಿಕೊಂಡ ನಾರಳೀಕರರು, ಎಲ್ಲರಿಗೂ ಆದಿಯೇ ಸರಿಯೆಂದು ತೋರಿದ ಮೇಲೂ ಆದಿಯಿಲ್ಲದ ವಿಶ್ವದ ಪರವಾಗಿ ಸೌಜನ್ಯದಿಂದ ವಾದಿಸುತ್ತಲೇ ಇದ್ದರು.

1964ರಲ್ಲಿ ಪೆನ್‌ಜಿಯಾಸ್ ಮತ್ತು ವಿಲ್ಸನ್ ಎಂಬ ಇಬ್ಬರಿಗೆ ಅಮೆರಿಕದಲ್ಲಿ ತಮ್ಮ ಆಂಟೆನಾದೊಳಗೆ ಎಲ್ಲ ದಿಕ್ಕುಗಳಿಂದಲೂ ಬರುವ ಸಣ್ಣ ಗದ್ದಲವೊಂದು ಕೇಳಿಸಿತು. ಅದು ವಿಶ್ವದ ಎಳವೆಯ ಶಾಖದ ಉಳಿಕೆ. ಈಗ ಸೊನ್ನೆಗಿಂತ ಸುಮಾರು 270 ಡಿಗ್ರಿ ಕೆಳಗೆ ತಣಿದಿದೆ. ಈ ಸುದ್ದಿಯನ್ನು ಲೆಮೈತ್ರರು ಕೇಳಿದ್ದು ಸಾವಿನ ಹಾಸಿಗೆಯಲ್ಲಿದ್ದಾಗ, 1966ರಲ್ಲಿ. ಇಂದಿನ ಅಳತೆಯಂತೆ ಆ ಬಿಸಿಯಾದ, ಒತ್ತಾದ ಸ್ಥಿತಿಯಿಂದ ನಮ್ಮವರೆಗೆ ಸುಮಾರು 1380 ಕೋಟಿ ವರ್ಷ.

ನಮ್ಮ ನಾಡಿನವರೂ ಈ ಹುಡುಕಾಟದಲ್ಲಿದ್ದಾರೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 'ಸರಸ್' ಎಂಬ ಆಂಟೆನಾವನ್ನು ಕಟ್ಟಿ, 2020ರ ಆರಂಭದ ತಿಂಗಳುಗಳಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೆಪ್ಪದ ಮೇಲೆ ತೇಲಿಬಿಟ್ಟರು. ನೀರಿನ ಮೇಲೇಕೆ? ಆಂಟೆನಾದ ಕೆಳಗಿನ ಮಣ್ಣು ಒಂದೊಂದು ಪದರಕ್ಕೂ ಒಂದೊಂದು ಬಗೆ; ನೀರು ಎಲ್ಲೆಡೆ ಒಂದೇ ಸಮ, ಗೊಂದಲ ಕಡಿಮೆ. ಮೊಟ್ಟಮೊದಲ ನಕ್ಷತ್ರಗಳು ಬೆಳಗಿದ ಕಾಲದಿಂದ ಬರಬಹುದಾದ ಅತಿ ಕ್ಷೀಣವಾದ ರೇಡಿಯೋ ಸುಳಿವನ್ನು ಅವರು ಹುಡುಕುತ್ತಿದ್ದರು. ಅಂಥ ಸುಳಿವು ಸಿಕ್ಕಿತೆಂದು 2018ರಲ್ಲಿ ಬೇರೊಂದು ತಂಡ ಜಗತ್ತಿಗೆ ಸಾರಿತ್ತು. ನಮ್ಮ ಕೆರೆಯ ಮೇಲಿನ ಅಳತೆ ಅದನ್ನು ಸಮರ್ಥಿಸುವುದಿಲ್ಲವೆಂದು ಬೆಂಗಳೂರಿನವರು 2022ರಲ್ಲಿ ಪ್ರಕಟಿಸಿದರು. ಹೊಸದನ್ನು ಕಂಡೆವೆಂದು ಹೇಳಿಕೊಳ್ಳುವುದಕ್ಕಿಂತ, ಕಾಣಲಿಲ್ಲವೆಂದು ಹೇಳಲು ಹೆಚ್ಚಿನ ಪ್ರಾಮಾಣಿಕತೆ ಬೇಕು. ಧರ್ಮೋಪದೇಶದ ಮೇಷ್ಟ್ರಾದ ನನಗೆ ಅಷ್ಟು ಪ್ರಾಮಾಣಿಕತೆ ಅಂದು ಇರಲಿಲ್ಲ.

ಅವರೆಲ್ಲರ ಲೆಕ್ಕಗಳೂ ಒಂದು ಹಂತದಲ್ಲಿ ನಿಲ್ಲುತ್ತವೆ. ತೀರ ಮೊದಲ ಕ್ಷಣದ ಸಮೀಪಕ್ಕೆ ಹೋದಂತೆ, ಇಂದು ನಮ್ಮ ಕೈಯಲ್ಲಿರುವ ಸೂತ್ರಗಳು ಕೆಲಸ ಮಾಡುವುದಿಲ್ಲ. 'ಮಹಾಸ್ಫೋಟ' ಎಂದರೆ ನಮ್ಮ ಲೆಕ್ಕ ತಲುಪುವಷ್ಟು ಹಿಂದಿನ ಸ್ಥಿತಿ. ಶೂನ್ಯದಿಂದ ಜಗತ್ತು ಹೊಮ್ಮಿದ ಗಳಿಗೆಯನ್ನು ಯಾರೂ ಅಳೆದಿಲ್ಲ. ಅದಕ್ಕೂ ಹಿಂದೆ ಮತ್ತೊಂದು ಹಿಗ್ಗು-ಕುಗ್ಗು ಇತ್ತೆನ್ನುವವರಿದ್ದಾರೆ. ಕಾಲಕ್ಕೆ ಅಂಚೇ ಇಲ್ಲದಿರಬಹುದೆಂಬ ವಿಚಾರವನ್ನು ಸ್ಟೀಫನ್ ಹಾಕಿಂಗ್ 1981ರಲ್ಲಿ ವ್ಯಾಟಿಕನ್ನಿನ ಸಭೆಯೊಂದರಲ್ಲೇ ಮುಂದಿಟ್ಟಿದ್ದರು. ನನ್ನ ವಿದ್ಯಾರ್ಥಿ ಹೇಳಿದ್ದು ಸರಿಯಾಗಿತ್ತು.

ಲೆಮೈತ್ರರು ಇದನ್ನು ಬಲ್ಲವರಾಗಿದ್ದರು. 1951ರ ನವೆಂಬರಿನಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್ ಅವರು ವಿಜ್ಞಾನಿಗಳ ಮುಂದೆ ಮಾತನಾಡುತ್ತ, ಹೊಸ ಖಗೋಳ ವಿಜ್ಞಾನವು ಸೃಷ್ಟಿಗೆ ಸಾಕ್ಷಿಯಾಗಿದೆ ಎಂಬ ಅರ್ಥದ ಮಾತುಗಳನ್ನಾಡಿದರು. ಸಂತೋಷಪಡಬೇಕಾಗಿದ್ದ ಲೆಮೈತ್ರರಿಗೆ ಕಸಿವಿಸಿಯಾಯಿತು. ತಮ್ಮ ಸಿದ್ಧಾಂತ ಒಂದು ಭೌತವಿಜ್ಞಾನದ ಊಹೆ. ನಾಳೆ ಅದು ತಿದ್ದುಪಡಿಯಾಗಬಹುದು. ಅದರ ಮೇಲೆ ದೇವರನ್ನು ನಿಲ್ಲಿಸಬಾರದು ಎಂಬುದು ಅವರ ನಿಲುವು. ಮರುವರ್ಷ ಖಗೋಳ ವಿಜ್ಞಾನಿಗಳನ್ನು ಉದ್ದೇಶಿಸಿ ಮಾತನಾಡಿದಾಗ ಜಗದ್ಗುರುಗಳು ಆ ವಾದವನ್ನು ಮತ್ತೆ ಎತ್ತಲಿಲ್ಲ. ಜಗದ್ಗುರುಗಳೇ ಸರಿಪಡಿಸಿಕೊಂಡದ್ದನ್ನು ನಾನು ಅರ್ಧ ಶತಮಾನದ ನಂತರವೂ ತರಗತಿಯಲ್ಲಿ ಹೇಳುತ್ತಿದ್ದೆ.

ಇದಕ್ಕೂ ಏಳು ಶತಮಾನಗಳ ಹಿಂದೆ, ಸಂತ ತೋಮಾಸ್ ಅಕ್ವಿನಾಸರ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಇದೇ ಜಗಳ ನಡೆದಿತ್ತು. ಜಗತ್ತು ಅನಾದಿಯೆಂದು ಗ್ರೀಕರ ಅರಿಸ್ಟಾಟಲ್ ಹೇಳಿದ್ದ. ಅದು ಶುದ್ಧ ಅಸಾಧ್ಯವೆಂದು ತರ್ಕದಿಂದಲೇ ತೋರಿಸಬಹುದೆಂದು ಸಂತ ಬೊನವೆಂತುರಾ ಮುಂತಾದವರು ವಾದಿಸಿದರು. ತೋಮಾಸರು ಎರಡೂ ಕಡೆಗೆ ವಾಲಲಿಲ್ಲ. ಜಗತ್ತಿಗೆ ಆದಿಯಿತ್ತೆಂದು ನಾವು ನಂಬುತ್ತೇವೆ. 1215ರ ಲ್ಯಾಟರನ್ ಮಹಾಸಭೆ ಅದನ್ನು ಸ್ಪಷ್ಟಪಡಿಸಿತ್ತು. ಆದರೆ ಆದಿಯಿತ್ತೆಂದಾಗಲಿ ಇರಲಿಲ್ಲವೆಂದಾಗಲಿ ಕೇವಲ ತರ್ಕದಿಂದ ಸಾಧಿಸಲಾಗದು ಎಂದರು. ದುರ್ಬಲವಾದ ವಾದಗಳನ್ನು ಮುಂದಿಟ್ಟರೆ, ನಾವು ನಂಬುವುದೇ ಇಂಥ ಕಾರಣಗಳಿಗಾಗಿ ಎಂದುಕೊಂಡು ಅವಿಶ್ವಾಸಿಗಳು ನಕ್ಕಾರು ಎಂಬ ಎಚ್ಚರಿಕೆಯನ್ನೂ ಕೊಟ್ಟರು. ಅದನ್ನು ಓದಿದ ದಿನ ನನಗೆ ಆ ಹುಡುಗನ ಮುಖ ನೆನಪಾಯಿತು. ಅವನು ನಕ್ಕಿರಲಿಲ್ಲ, ಅಷ್ಟೇ ವ್ಯತ್ಯಾಸ.

ತೋಮಾಸರ ಮುಖ್ಯ ಮಾತು ಇದಕ್ಕಿಂತ ಆಳವಾದುದು. 'ಆರಂಭವಾಗುವುದು' ಬೇರೆ, 'ಸೃಷ್ಟಿಯಾಗಿರುವುದು' ಬೇರೆ. ಇದನ್ನು ನಮ್ಮ ಸೀಮೆಯ ಎರಡು ನೋಟಗಳಿಂದ ವಿವರಿಸಲು ಯತ್ನಿಸುತ್ತೇನೆ.

ಚನ್ನಪಟ್ಟಣದ ಗೊಂಬೆ ಮಾಡುವವರ ಮನೆಯನ್ನು ನೆನಪಿಸಿಕೊಳ್ಳಿ. ಲೇತ್ ಯಂತ್ರದಲ್ಲಿ ಹಾಲೆ ಮರದ ತುಂಡು ಗಿರ್ರನೆ ತಿರುಗುತ್ತದೆ; ಉಳಿ ತಾಗಿದಲ್ಲಿ ಸಿಪ್ಪೆ ಸುರುಳಿಯಾಗಿ ಹಾರುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಗೊಂಬೆ ಸಿದ್ಧವಾಯಿತು. ಕುಶಲಕರ್ಮಿ ಊಟಕ್ಕೆ ಎದ್ದು ಹೋಗಬಹುದು, ಊರು ಬಿಡಬಹುದು, ತೀರಿಕೊಳ್ಳಲೂಬಹುದು. ಗೊಂಬೆ ಮಗುವಿನ ಕೈಯಲ್ಲಿ ಉಳಿಯುತ್ತದೆ. ದೇವರು ಜಗತ್ತನ್ನು ಹೀಗೆ ಮಾಡಿದನೆಂದೇ ನಾವು ಮಕ್ಕಳಿಗೆ ಹೇಳುತ್ತೇವೆ. ಈ ಚಿತ್ರದಲ್ಲಿ ದೇವರ ಕೆಲಸ ಆರಂಭದಲ್ಲೇ ಮುಗಿಯಿತು. ಹಾಗಿದ್ದ ಮೇಲೆ ಆರಂಭವೇ ಇರಲಿಲ್ಲವೆಂದು ಯಾರಾದರೂ ಹೇಳಿದರೆ, ದೇವರಿಗೆ ಕೆಲಸವೇ ಉಳಿಯುವುದಿಲ್ಲ. ಗೊಂಬೆಯ ಮರ ಮೊದಲೇ ಎಲ್ಲಿಂದ ಬಂತೆಂದು ಜಿನಸೇನರು ಕೇಳುವುದೂ ನ್ಯಾಯವೇ.

ಇನ್ನೊಂದು ನೋಟ. ಊರ ಜಾತ್ರೆಯಲ್ಲಿ ತತ್ವಪದ ಹಾಡುವವನೊಬ್ಬ ತಂಬೂರಿ ಹಿಡಿದು ಕುಳಿತಿದ್ದಾನೆ. ಹಾಡು ಎಲ್ಲಿಯವರೆಗೆ ಇರುತ್ತದೆ? ಅವನು ಹಾಡುತ್ತಿರುವವರೆಗೆ. ಅವನು ಬಾಯಿ ಮುಚ್ಚಿದೊಡನೆ ಹಾಡು ಇಲ್ಲ. ಹಾಡನ್ನು ಅಲ್ಲೇ ಇಟ್ಟು ಅವನು ಎದ್ದುಹೋಗಲಾರ. ಅವನು ಅನಾದಿ ಕಾಲದಿಂದ ಹಾಡುತ್ತಲೇ ಇದ್ದಾನೆಂದು ಒಂದು ಗಳಿಗೆ ಭಾವಿಸಿ. ಹಾಡಿಗೆ ಮೊದಲ ಸ್ವರವೆಂಬುದೇ ಇಲ್ಲ. ಆಗ ಹಾಡಿಗೆ ಹಾಡುಗಾರ ಬೇಡವಾಗುತ್ತಾನೆಯೇ? ಇಲ್ಲ. ಒಂದೊಂದು ಸ್ವರವೂ, ಒಂದೊಂದು ಗಳಿಗೆಯೂ, ಅವನ ಉಸಿರಿನಿಂದಲೇ ಇದೆ. ಸೃಷ್ಟಿಯೆಂದರೆ ತೋಮಾಸರಿಗೆ ಈ ಅವಲಂಬನೆ. ಅದು ಹಿಂದೆಂದೋ ನಡೆದು ಮುಗಿದ ಘಟನೆಯಲ್ಲ. ನೀವು ಈ ಪುಟವನ್ನು ಓದುತ್ತಿರುವಾಗಲೂ ನಡೆಯುತ್ತಿರುವ ಕೊಡುಗೆ.

ಇದರಿಂದ ದೇವರಿದ್ದಾನೆಂದು ಸಾಬೀತಾಯಿತೇ? ಆಗಲಿಲ್ಲ. ಜಗತ್ತು ಹಾಡಲ್ಲ, ತನ್ನಷ್ಟಕ್ಕೆ ತಾನಿರುವ ಬಂಡೆಯಂಥದ್ದು ಎಂದು ಹೇಳುವವರಿಗೆ ಈ ಹೋಲಿಕೆ ಬಾಯಿ ಮುಚ್ಚಿಸುವುದಿಲ್ಲ. ಏನೂ ಇಲ್ಲದಿರಬಹುದಾಗಿದ್ದಾಗ ಏನಾದರೂ ಏಕೆ ಇದೆ ಎಂಬ ಪ್ರಶ್ನೆ ಅವರನ್ನು ಕಾಡದಿದ್ದರೆ, ಕಾಡಿಸುವ ಉಪಾಯ ನನಗೆ ತಿಳಿದಿಲ್ಲ. ಆದರೆ ಒಂದು ಮಾತನ್ನು ಧೈರ್ಯದಿಂದ ಹೇಳಬಲ್ಲೆ. ವಿಶ್ವ ಅನಾದಿಯೆಂದು ನಾಳೆ ಯಾವ ವಿಜ್ಞಾನಿ ಹೇಳಿದರೂ, ಅದರಿಂದ ದೇವರಿಗೆ ಕೆಲಸ ತಪ್ಪುವುದಿಲ್ಲ.

ಮತ್ತೆ ಜಿನಸೇನರ ಮೂರನೆಯ ಪ್ರಶ್ನೆ: ಏನೂ ಕೊರತೆಯಿಲ್ಲದವನು ಏಕೆ ಸೃಷ್ಟಿಸಬೇಕು? ಇದಕ್ಕೆ ನಮ್ಮವರು ಹೇಳುವ ಉತ್ತರ ಪ್ರೀತಿ. ಕೊರತೆಯಿಂದ ಕೊಡುವುದು ಒಂದು ಬಗೆ, ತುಂಬಿ ಕೊಡುವುದು ಇನ್ನೊಂದು ಬಗೆ. ಹೊಟ್ಟೆ ತುಂಬಿದ ತಾಯಿ ಮಗುವಿಗೆ ತುತ್ತಿಡುವುದು ತನ್ನ ಹಸಿವಿಗಾಗಿ ಅಲ್ಲ. ಈ ಉತ್ತರವನ್ನು ನಾನು ನಂಬುತ್ತೇನೆ. ಎದುರಾಳಿಯನ್ನು ಸೋಲಿಸುವ ವಾದವಾಗಿ ಇದನ್ನು ಬಳಸಲಾಗದೆಂಬುದನ್ನೂ ಬಲ್ಲೆ. ಮೊದಲನೆಯ ಪ್ರಶ್ನೆಯನ್ನು ಸಂತ ಅಗಸ್ಟೀನರು ಐದನೆಯ ಶತಮಾನಕ್ಕೂ ಸ್ವಲ್ಪ ಮುಂಚೆಯೇ ಬಿಡಿಸಲು ಹೊರಟಿದ್ದರು: ಕಾಲವೂ ಸೃಷ್ಟಿಯ ಒಂದು ಭಾಗ, ಆದ್ದರಿಂದ ಸೃಷ್ಟಿಗೆ 'ಮುಂಚೆ' ಎಂಬ ಮಾತಿಗೆ ಅರ್ಥವಿಲ್ಲ. ಇಂದಿನ ಭೌತವಿಜ್ಞಾನಿಗಳಲ್ಲಿ ಕೆಲವರು ಆಡುವ ಮಾತಿಗೆ ಇದು ಆಶ್ಚರ್ಯವೆನಿಸುವಷ್ಟು ಹತ್ತಿರದಲ್ಲಿದೆ.

ಹಾಗಾದರೆ ಆದಿಯನ್ನು ನಂಬುವುದರಿಂದ ಏನು ಹೆಚ್ಚು ಬಂತು ಎಂದು ನೀವು ಕೇಳಬಹುದು. ಅವಲಂಬನೆಯೊಂದೇ ಸಾಕಲ್ಲವೇ? ನನಗೆ ತೋಚುವುದು ಇಷ್ಟು. ಕನಕಪುರದ ಬಳಿಯ ಹಾರೋಬೆಲೆಯಲ್ಲಿ ಯೇಸುಸ್ವಾಮಿಯ ಪಾಡು-ಮರಣಗಳ ನಾಟಕವನ್ನು ಆಡುತ್ತ ಬಂದ ಪರಂಪರೆ ಒಂದು ಶತಮಾನಕ್ಕೂ ಮಿಕ್ಕಿದ್ದು. ಅದನ್ನು ವರ್ಷ ವರ್ಷವೂ ಆಡಬಹುದು; ಪಾತ್ರಧಾರಿಗಳು ಬದಲಾಗುತ್ತಾರೆ, ಅಜ್ಜನ ಪಾತ್ರ ಮೊಮ್ಮಗನಿಗೆ ಬರುತ್ತದೆ. ಆದರೆ ಅಲ್ಲಿ ನಿಂತು ನೋಡುವ ಯಾವ ವಿಶ್ವಾಸಿಯೂ, ಕಲ್ವಾರಿ ಬೆಟ್ಟದ ಮೇಲೆ ನಡೆದದ್ದು ಕಲ್ಪ ಕಲ್ಪಕ್ಕೂ ಮರಳುತ್ತದೆಂದು ತಿಳಿಯುವುದಿಲ್ಲ. ಅದು ಒಂದೇ ಸಲ ನಡೆಯಿತು. ಒಂದೇ ಸಲ ನಡೆಯುವ ಸಂಗತಿಗಳಿರಬೇಕಾದರೆ ಕಾಲಕ್ಕೆ ಒಂದು ದಿಕ್ಕು ಬೇಕು. ಎಲ್ಲಿಂದಲೋ ಹೊರಟು ಎಲ್ಲಿಗೋ ಸಾಗುವ ನಡೆ ಬೇಕು. ಆದಿಯನ್ನು ನಂಬುವವನಿಗೆ ಈ ದಿನ ಮರಳಿ ಬಾರದ ದಿನ, ಈ ಮಗು ಮತ್ತೊಮ್ಮೆ ಹುಟ್ಟದ ಮಗು. ಸುತ್ತಿಬರುವ ಕಾಲವನ್ನು ನಂಬುವ ನಮ್ಮ ನೆರೆಯವರು ಮಕ್ಕಳನ್ನು ನಮಗಿಂತ ಕಡಿಮೆ ಪ್ರೀತಿಸುತ್ತಾರೆಂದು ಇದರ ಅರ್ಥವಲ್ಲ, ಖಂಡಿತ ಅಲ್ಲ. ಆದರೆ ನಮಗೆ ದೊರೆತಿರುವ ಕಾರಣ ಇದು.

ಇದನ್ನು ಬರೆಯುವಾಗ ಕಲ್ಲು ಕ್ವಾರಿಗಳಿಂದ ಬರುವ ಲಾರಿಗಳು ನೆನಪಾಗುತ್ತವೆ. 250 ಕೋಟಿ ವರ್ಷ ನಿಂತ ಬಂಡೆ ಕೆಲವೇ ದಿನಗಳಲ್ಲಿ ಜಲ್ಲಿಯಾಗುತ್ತದೆ. ಅದು ಅನಾದಿಯಾಗಿದ್ದರೆ ಅನಂತವೂ ಆಗಿರಬಹುದೆಂಬ ಭ್ರಮೆಯನ್ನಾದರೂ ಇಟ್ಟುಕೊಳ್ಳಬಹುದಿತ್ತು. ಹುಟ್ಟಿದ್ದಕ್ಕೆ ಆ ಭ್ರಮೆ ಸಲ್ಲದು. ಇರಲಿ, ಅದು ಬೇರೆ ಲೇಖನದ ವಿಷಯ.

ಆ ಹುಡುಗನನ್ನು ಕಳೆದ ವರ್ಷ ಮತ್ತೆ ಕಂಡೆ. ನಾನು ಓದಿದ್ದನ್ನೆಲ್ಲ ಅವನ ಮುಂದಿಟ್ಟು, ನಾನು ಅಂದು ಕಲಿಸಿದ್ದು ತಪ್ಪು ಎಂದು ಒಪ್ಪಿಕೊಂಡೆ. ಅವನು ಬಹಳ ಹೊತ್ತು ಪ್ರಶ್ನೆಗಳನ್ನು ಕೇಳಿದ. ಜಿನಸೇನರ ಬಗ್ಗೆ ಅವನಿಗೆ ಗೊತ್ತೇ ಇರಲಿಲ್ಲ; ಹೆಸರನ್ನು ಬರೆದುಕೊಂಡ. ಬಲಿಪೂಜೆಗೆ ಬರುತ್ತಾನೆಯೇ ಎಂದು ಅವನ ತಾಯಿ ಈಗಲೂ ನನ್ನನ್ನು ಕೇಳುತ್ತಾರೆ. ಅದನ್ನು ನಾನು ಅವನಲ್ಲಿ ಕೇಳಿಲ್ಲ. ಬೀಳ್ಕೊಡುವಾಗ, "ಈಗಿನ ಮಕ್ಕಳಿಗೆ ಏನು ಪಾಠ ಹೇಳ್ತೀರಿ ಸಾರ್?" ಎಂದ. ಬಂಡೆಯ ವಯಸ್ಸನ್ನು ಹೇಳುತ್ತೇನೆ, ಅದನ್ನು ಹೇಗೆ ಅಳೆದರೆಂದು ಹೇಳುತ್ತೇನೆ, ಅದರ ಹಿಂದೆ ಏನಿತ್ತೆಂದು ಅವರು ಕೇಳಿದರೆ ನನಗೆ ತಿಳಿದಷ್ಟನ್ನು ಹೇಳಿ ಅಲ್ಲಿಗೆ ನಿಲ್ಲಿಸುತ್ತೇನೆ ಎಂದೆ. ಮುಂದಿನ ಸಲ ಬಂದಾಗ ತಾನೂ ಒಂದು ತರಗತಿ ತೆಗೆದುಕೊಳ್ಳಬಹುದೇ ಎಂದು ಕೇಳಿದ. ಫಾದರ್ ಅವರನ್ನು ಕೇಳಿ ಹೇಳುತ್ತೇನೆಂದಿದ್ದೇನೆ.